ಕಬ್ಬಿಣದ ಬಾಣ, ಕಾಗದದ ರಾಕೆಟ್

📷 1/7
ಮೊದಲು ಫೋಟೋ ಸರಿಯಾಗಿ ನೋಡಿ. ದಪ್ಪ ಕಾಗದದ ಒಂದು ಉದ್ದ ಕೊಳವೆ, ಪ್ಲಾಸ್ಟಿಕ್ಕಿನ ಚೂಪು ಮೂತಿ, ತೆಳು ಪ್ಲೈವುಡ್ಡಿನ ಮೂರು ರೆಕ್ಕೆ, ಒಂದು ತುಂಡು ಎಲಾಸ್ಟಿಕ್, ಮಡಚಿಟ್ಟ ಪ್ಯಾರಾಚೂಟ್. ಮಿಡ್-ಪವರ್ ಮಾಡೆಲ್ ರಾಕೆಟ್ ಕಿಟ್ ಅಂದ್ರೆ ಹೆಚ್ಚುಕಮ್ಮಿ ಇಷ್ಟೇ. ಪಕ್ಕದಲ್ಲಿ ಆರಾಲ್ಡೈಟ್, ಸ್ಯಾಂಡ್‌ಪೇಪರ್. ಮೋಟರ್ ಮಾತ್ರ ಇಲ್ಲ. ಯಾಕೆ ಇಲ್ಲ ಅಂತ ಕೊನೆಗೆ ಹೇಳ್ತೇನೆ.

ಕಾಟಿಪಳ್ಳದ ನಮ್ಮ ಮನೆ ಜಗಲಿಯಲ್ಲಿ ಕೂತು ಇದನ್ನು ಅಂಟಿಸ್ತಾ ಇದ್ದೆ. ಅಕ್ಕನ ಮಗ ಬಂದು ಕೇಳಿದ: "ಮಾವ, ಟಿಪ್ಪುವಿನ ರಾಕೆಟ್ ಕಬ್ಬಿಣದ್ದು ಅಂತ ಪಾಠದಲ್ಲಿ ಉಂಟು. ಇದು ಎಂತ ಕಾಗದದ್ದು? ನಾವು ಹಿಂದೆ ಹೋದದ್ದಾ?"

ಅವನಿಗೆ ತಕ್ಷಣ ಉತ್ತರ ಕೊಡ್ಲಿಕ್ಕೆ ಆಗಲಿಲ್ಲ. ಈ ಸರಣಿ ಆ ಉತ್ತರ.

📷 2/7
ಕೊಲ್ಲೂರು ದಾಟಿ ಘಾಟಿ ಹತ್ತಿದರೆ ನಗರ ಸಿಗ್ತದೆ. ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲೂಕು. ಕೆಳದಿ ಅರಸರ ಕಾಲದಲ್ಲಿ ಇದೇ ರಾಜಧಾನಿ ಬಿದನೂರು. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಹೈದರ್ ಬಿಟ್ಟುಹೋಗಿ ಜನರ ಬಾಯಲ್ಲಿ 'ನಗರ' ಉಳಿಯಿತು. ಬಿದನೂರು ಬಿದ್ದ ಮೇಲೆ ನಮ್ಮ ಮಂಗಳೂರೂ ಅವನ ಕೈಗೆ ಹೋಯಿತು.

2002ರಲ್ಲಿ ಆ ಊರಿನ ಬಾವಿಯೊಂದರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಿದವು, ನೂರ ಅರವತ್ತರಷ್ಟು. ಮೊದಲು ಅವು ರಾಕೆಟ್ ಅಂತ ಯಾರಿಗೂ ಹೊಳೆದಿರಲಿಲ್ಲ. 2018ರ ಜುಲೈಯಲ್ಲಿ ಪುರಾತತ್ವ ಇಲಾಖೆಯವರು ಒಂದು ಪಾಳುಬಾವಿಯ ಕೆಸರು ತೆಗೆಸಿದರು. ಮಣ್ಣಿನಲ್ಲಿ ಮದ್ದಿನ ವಾಸನೆ ಬರ್ತಾ ಇತ್ತು ಅಂತ ಅಗೆದವರೇ ಹೇಳಿದ್ದಾರೆ. ಸಿಕ್ಕಿದ್ದು ಸಾವಿರಕ್ಕಿಂತ ಹೆಚ್ಚು ರಾಕೆಟ್. ಉದ್ದ 23ರಿಂದ 26 ಸೆಂಟಿಮೀಟರ್, ಅಂದ್ರೆ ನಿಮ್ಮ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ.

📷 3/7
ಒಂದು ವಿಷಯ ಸ್ಪಷ್ಟ ಇರ್ಲಿ. ರಾಕೆಟ್ ಹುಟ್ಟಿದ್ದು ಮೈಸೂರಿನಲ್ಲಿ ಅಲ್ಲ, ಚೀನಾದಲ್ಲಿ. ಹೈದರಾಲಿಗಿಂತ ಬಹಳ ಮೊದಲೇ ಅದು ನಮ್ಮ ದೇಶದಲ್ಲಿ ಇತ್ತು. ಜಾತ್ರೆಯ ಪಟಾಕಿಗೆ ಕನ್ನಡದಲ್ಲಿ 'ಬಾಣಬಿರುಸು' ಅಂತೇವಲ್ಲ, ಅದರಲ್ಲಿರುವ ಬಾಣ ಇದೇ.

ಹಾಗಾದ್ರೆ ಮೈಸೂರಿನವರು ಮಾಡಿದ್ದೇನು? ಕೊಳವೆಯನ್ನು ಕಬ್ಬಿಣಕ್ಕೆ ಬದಲಾಯಿಸಿದರು. ಸಣ್ಣ ಮಾತು ಅನಿಸ್ತದೆ, ಅಲ್ವಾ? ಅಲ್ಲ ಮಾರಾಯ್ರೆ. ಮದ್ದು ಉರಿದಾಗ ಹುಟ್ಟುವ ಅನಿಲ ಹಿಂದಿನ ಸಣ್ಣ ತೂತಿನಿಂದ ನುಗ್ಗಿ ಹೊರಗೆ ಬರ್ತದೆ, ಆ ನೂಕಿಗೆ ರಾಕೆಟ್ ಮುಂದೆ ಹೋಗ್ತದೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ನೂಕು ಹೆಚ್ಚು. ಆದರೆ ಆ ಒತ್ತಡವನ್ನು ಕೊಳವೆ ತಡೆದುಕೊಳ್ಳಬೇಕಲ್ಲ? ಕಾಗದ, ಬಿದಿರು ಬೇಗ ಸೀಳ್ತವೆ. ಕಬ್ಬಿಣ ತಡೀತದೆ. ಅದಕ್ಕೇ ಮೈಸೂರಿನ ಬಾಣ ಉಳಿದವರದ್ದಕ್ಕಿಂತ ದೂರ ಹೋಯಿತು.

ಕಬ್ಬಿಣ ಒಂದು ವೇಳೆ ಒಡೆದರೆ? ಚೂರುಗಳು ಸುತ್ತ ಹಾರ್ತವೆ. ಯುದ್ಧದಲ್ಲಿ ಅದು ದೋಷ ಅಲ್ಲ, ಉಪಯೋಗವೇ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

📷 4/7
1780ರ ಸೆಪ್ಟೆಂಬರ್ 10, ಪೊಲ್ಲಿಲೂರು. ಕರ್ನಲ್ ಬೈಲಿಯ ಕಂಪನಿ ಸೈನ್ಯ ಹೈದರ್-ಟಿಪ್ಪು ಕೈಯಲ್ಲಿ ಸೋತಿತು. ಮದ್ದುಗುಂಡಿನ ಬಂಡಿಗಳು ಸ್ಫೋಟಿಸಿದ್ದು ರಾಕೆಟ್‌ನಿಂದ ಅಂತ ಹೇಳ್ತಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲಿ ಆ ಯುದ್ಧದ ಚಿತ್ರ ಈಗಲೂ ಉಂಟು. ಹೋದವರು ನೋಡಿರ್ತೀರಿ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ರಾಕೆಟ್‌ಗಳು ಲಂಡನ್ ಹತ್ತಿರದ ವೂಲಿಚ್‌ಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಪ್ರಯೋಗ ಮಾಡಿ ತನ್ನದೇ ರಾಕೆಟ್ ತಯಾರಿಸಿದ. 1807ರಲ್ಲಿ ಅದೇ ಜಾತಿಯ ರಾಕೆಟ್‌ಗಳು ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು. ಈ ಇಡೀ ದಾರಿಯನ್ನು ಪತ್ತೆ ಹಚ್ಚಿ ಬರೆದವರು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ. ವೂಲಿಚ್‌ನಲ್ಲಿ ಉಳಿದಿದ್ದ ಎರಡು ಮೈಸೂರು ರಾಕೆಟ್‌ಗಳ ಬಗ್ಗೆಯೂ ಅವರು ಬರೆದಿದ್ದಾರೆ. ಒಂದಕ್ಕೆ ಚರ್ಮದ ಪಟ್ಟಿಯಿಂದ ಕತ್ತಿಯ ಅಲಗು ಕಟ್ಟಿದೆ, ಇನ್ನೊಂದಕ್ಕೆ ಸುಮಾರು ಎರಡು ಮೀಟರ್ ಉದ್ದದ ಬಿದಿರು.

ಹೆಮ್ಮೆ ಪಡಿ, ಬೇಡ ಅನ್ನುವುದಿಲ್ಲ. ಆದರೆ ಇವು ಮನುಷ್ಯರನ್ನು ಕೊಲ್ಲಲಿಕ್ಕೆ ಮಾಡಿದ ವಸ್ತು. ಮಂಗಳೂರಿನ ಕೋಟೆಯೂ 1783ರಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ಕಂಡಿದೆ. ಆ ಕಾಲದ ನೆನಪು ನಮ್ಮ ಕರಾವಳಿಯ ಎಲ್ಲ ಮನೆಗಳಲ್ಲೂ ಒಂದೇ ಥರ ಇಲ್ಲ.

📷 5/7
ಈಗ ಅಮೆರಿಕಕ್ಕೆ ಹೋಗುವ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿತು. ಅಲ್ಲಿನ ಹುಡುಗರಿಗೆ ರಾಕೆಟ್ ಹುಚ್ಚು ಹಿಡಿಯಿತು. ಲೋಹದ ಪೈಪಿಗೆ ಕೈಗೆ ಸಿಕ್ಕಿದ್ದನ್ನು ತುಂಬಿ ಕಿಡಿ ಹಚ್ಚಿದರು. ಕೈ ಕಳಕೊಂಡರು, ಕಣ್ಣು ಕಳಕೊಂಡರು, ಕೆಲವರು ಸತ್ತರು.

ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್‌ಗೆ ಪಟಾಕಿ ಮಾಡುವ ಹವ್ಯಾಸ ಇತ್ತು, ಅವನ ಸಹೋದರನಿಗೆ ಮಾಡೆಲ್ ವಿಮಾನದ್ದು. ಆರ್ವಿಲ್ 1954ರಲ್ಲೇ ಕಾಗದದ ಕೊಳವೆಯ, ಪ್ಯಾರಾಚೂಟಿನಲ್ಲಿ ಇಳಿಯುವ ಪುಟ್ಟ ರಾಕೆಟ್ ಮಾಡಿದ್ದ. ಹುಡುಗರ ಅಪಾಯದ ಬಗ್ಗೆ ಪತ್ರಿಕೆಗೆ ಬರೆಯುತ್ತಿದ್ದ ರಾಕೆಟ್ ಎಂಜಿನಿಯರ್ ಹ್ಯಾರಿ ಸ್ಟೈನ್‌ಗೆ ಮಾದರಿ ಕಳಿಸಿದ. ಮಾಡೆಲ್ ರಾಕೆಟ್ ಹವ್ಯಾಸ ಬೆಳೆದದ್ದು ಅಲ್ಲಿಂದ.

ಅವರು ಮಾಡಿದ ನಿಯಮಗಳು ಸರಳ. ಮದ್ದು ನೀವು ಮುಟ್ಟಬೇಡಿ, ಮೋಟರ್ ಕಾರ್ಖಾನೆಯಿಂದ ಬರ್ಲಿ. ಬೆಂಕಿಕಡ್ಡಿ ಬೇಡ, ದೂರ ನಿಂತು ವಿದ್ಯುತ್ತಿನಿಂದ ಹಚ್ಚಿ. ಮೂತಿ, ಕೊಳವೆ, ರೆಕ್ಕೆ ಯಾವುದೂ ಲೋಹದ್ದಾಗಬಾರದು.

ಮೈಸೂರು ಕಬ್ಬಿಣ ಆರಿಸಿದ್ದು ರಾಕೆಟ್ ದೂರ ಹೋಗಲಿ, ಒಡೆದರೆ ಶತ್ರುವಿಗೆ ತಾಗಲಿ ಅಂತ. ಇವರು ಕಾಗದ ಆರಿಸಿದ್ದು ಒಡೆದರೆ ಯಾರಿಗೂ ತಾಗದಿರಲಿ ಅಂತ. ಕಾಗದ ಹರೀತದೆ, ಚೂರಾಗಿ ಎದೆಗೆ ಚುಚ್ಚುವುದಿಲ್ಲ.

📷 6/7
ಈಗ ನಮ್ಮ ಕಿಟ್. ಮೋಟರ್‌ಗಳಿಗೆ ಅಕ್ಷರದ ಹೆಸರು. ಎ, ಬಿ, ಸಿ ಹೀಗೆ ಮೇಲೆ ಹೋದಂತೆ ಪ್ರತಿ ಅಕ್ಷರಕ್ಕೂ ಗರಿಷ್ಠ ಶಕ್ತಿ ಎರಡು ಪಟ್ಟು. ಇ, ಎಫ್, ಜಿ ಸೇರಿದರೆ ಮಿಡ್-ಪವರ್. 'ಎಫ್50-6' ಅಂದರೆ: ಎಫ್ ವರ್ಗ, ಸರಾಸರಿ 50 ನ್ಯೂಟನ್ ನೂಕು (ಐದು ಕಿಲೋ ಅಕ್ಕಿಚೀಲದ ಭಾರದಷ್ಟು), ಉರಿದು ಮುಗಿದ ಮೇಲೆ 6 ಸೆಕೆಂಡ್ ಬಿಟ್ಟು ಪ್ಯಾರಾಚೂಟ್ ಹೊರಗೆ. ಉರಿಯುವುದು ಹೆಚ್ಚೆಂದರೆ ಒಂದೂವರೆ ಸೆಕೆಂಡ್ ಚಿಲ್ಲರೆ. ಉಳಿದದ್ದೆಲ್ಲ ಆ ವೇಗದಲ್ಲೇ ಏರುವುದು.

ಬಿದಿರಿನ ಕಡ್ಡಿ ಎಲ್ಲಿ ಹೋಯಿತು ಅಂತ ಕೇಳಿ. ಅದರ ಕೆಲಸವನ್ನು ಈಗ ರೆಕ್ಕೆ ಮಾಡ್ತದೆ. ರಾಕೆಟ್‌ನ ಭಾರ ಮುಂದೆ ಇರಬೇಕು, ಗಾಳಿಯ ಹಿಡಿತ ಹಿಂದೆ. ಭಾರದ ಕೇಂದ್ರ, ಗಾಳಿ ಒತ್ತುವ ಕೇಂದ್ರಕ್ಕಿಂತ ಕನಿಷ್ಠ ಒಂದು ಕೊಳವೆಯ ಅಗಲದಷ್ಟು ಮುಂದೆ ಇದ್ದರೆ ನೇರ ಹೋಗ್ತದೆ. ಇಲ್ಲದಿದ್ದರೆ ಲಾಗ ಹಾಕ್ತದೆ. ಪೊಲ್ಲಿಲೂರಿನ ಬಿದಿರಿಗೂ ನನ್ನ ಪ್ಲೈವುಡ್ಡಿಗೂ ಲೆಕ್ಕ ಒಂದೇ.

📷 7/7
ಮೋಟರ್ ಯಾಕಿಲ್ಲ? ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಪರಿಚಯದ ಒಬ್ಬ ಅಣ್ಣ ಗುಜರಿ ಅಂಗಡಿಯಿಂದ ಕಬ್ಬಿಣದ ಪೈಪ್ ತಂದು 'ಟಿಪ್ಪು ರಾಕೆಟ್' ಮಾಡ್ಲಿಕ್ಕೆ ಹೊರಟ. ಪೈಪ್ ಹಾರಲಿಲ್ಲ, ಒಡೆಯಿತು. ಅವನ ಎಡಗೈಯ ಎರಡು ಬೆರಳು ಹೋಯ್ತು. ಮರುದಿನ ಅಂಗಳ ಗುಡಿಸಿದವರಿಗೆ ಕಬ್ಬಿಣದ ಚೂರು ತೆಂಗಿನ ಬುಡದಲ್ಲಿ ಚುಚ್ಚಿಕೊಂಡು ಸಿಕ್ಕಿತು. ಪಾಠದಲ್ಲಿ ಕಬ್ಬಿಣ ಯಾಕೆ ಅಂತ ಇತ್ತು. ಕಾಗದ ಯಾಕೆ ಅಂತ ಯಾರೂ ಹೇಳಿರಲಿಲ್ಲ.

ಇನ್ನೊಂದು ಕಾರಣ ಜಾಗ. ಪಣಂಬೂರಿನಲ್ಲಿ ಬಂದರು ಮಾಡುವಾಗ ಎದ್ದುಬಂದ ಕುಟುಂಬಗಳಿಗೆ ಬ್ಲಾಕ್ ಬ್ಲಾಕ್ ಆಗಿ ಹಂಚಿದ ಊರು ನಮ್ಮದು, ಮನೆಗೆ ಮನೆ ಹತ್ತಿರ. ಒಂದು ಕಡೆ ರಿಫೈನರಿ, ಇನ್ನೊಂದು ಕಡೆ ಬಜ್ಪೆಯ ವಿಮಾನ ನಿಲ್ದಾಣ. ಮಿಡ್-ಪವರ್ ರಾಕೆಟ್‌ಗೆ ಸುಮಾರು 300 ಮೀಟರ್ ಅಗಲದ ಖಾಲಿ ಬಯಲು ಬೇಕು. ಇಲ್ಲಿ ಹಾರಿಸುವ ಹಾಗೇ ಇಲ್ಲ. ಮೋಟರ್ ಮನೆಯಲ್ಲಿ ಮಾಡುವುದು ಅಪಾಯ ಮಾತ್ರ ಅಲ್ಲ, ಲೈಸೆನ್ಸ್ ಇಲ್ಲದೆ ಮಾಡಿದರೆ ಸ್ಫೋಟಕ ಕಾಯ್ದೆಯ ಪ್ರಕಾರ ಅಪರಾಧ. ಅನುಮತಿ, ಬಯಲು, ಗೊತ್ತಿರುವವರು, ಮೂರೂ ಸಿಕ್ಕಿದ ದಿನ ಹಾರಿಸುವುದು.

ಅಲ್ಲಿವರೆಗೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಉಂಟು. ಮೋಟರ್ ಜಾಗಕ್ಕೆ ಅಷ್ಟೇ ಭಾರದ ಮಣ್ಣು ತುಂಬಿ, ತೂಕ ಸಮ ನಿಲ್ಲುವ ಜಾಗಕ್ಕೆ ದಾರ ಕಟ್ಟಿ, ತಲೆಯ ಸುತ್ತ ಬೀಸಬೇಕು. ನಿನ್ನೆ ಸಂಜೆ ಹುಡುಗನೇ ಬೀಸಿದ. ಎರಡು ಸುತ್ತು ಅಡ್ಡಾದಿಡ್ಡಿ ಹೋಯಿತು. ಮೂತಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿದೆವು. ಮತ್ತೆ ಬೀಸಿದಾಗ ಮೂತಿ ತಾನಾಗಿ ಮುಂದಕ್ಕೆ ತಿರುಗಿ ನಿಂತಿತು.

"ಹಿಂದೆ ಹೋದದ್ದಲ್ಲ ಮಾವ," ಅಂದ.

ನಗರದ ಬಾವಿಯ ರಾಕೆಟ್ ನೋಡಿದವರು ಇದ್ದೀರಾ? ಕಮೆಂಟಲ್ಲಿ ಬರೀರಿ. ಮನೆಯಲ್ಲಿ ರಾಕೆಟ್ ಹುಚ್ಚಿನ ಮಕ್ಕಳಿದ್ದರೆ 5ನೇ ಫೋಟೋದ ಬರಹ ಓದಿಸಿ.

#ಕಾಟಿಪಳ್ಳ #ನಗರ #ಮೈಸೂರುರಾಕೆಟ್ #ಮಾಡೆಲ್‌ರಾಕೆಟ್ #ಊರಚರಿತ್ರೆ