ಟೀವಿ ಪೆಟ್ಟಿಗೆಗೆ ಫೋನ್ ತಂತಿ ಯಾಕಿತ್ತು?

ತೀರ್ಥಹಳ್ಳಿಯ ಅಕ್ಕನ ಮನೆಯಲ್ಲಿ ಅಟ್ಟ ಗುಡಿಸುವಾಗ ಡಿಜಿಬಾಕ್ಸ್ ಎಂಬ ಹಳೆಯ ಉಪಗ್ರಹ ಟೀವಿ ಪೆಟ್ಟಿಗೆಯೊಂದು ಸಿಕ್ಕಿತು. ಅಕ್ಕ ಭಾವ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಹತ್ತು ವರ್ಷವಿದ್ದು ಊರಿಗೆ ಮರಳುವಾಗ ಪಾತ್ರೆ ಪಡಗದ ಜೊತೆ ಇದನ್ನೂ ಕಟ್ಟಿ ಹಡಗಿಗೆ ಹಾಕಿದ್ದರು. ಭಾವ ಯಾವುದನ್ನೂ ಬಿಸಾಡುವವರಲ್ಲ. ಧೂಳು ಒರೆಸಿ ಹಿಂಬದಿ ನೋಡಿದೆ. ಡಿಶ್‌ನ ತಂತಿ ತಿರುಪಿ ಕೂರಿಸುವ ಜಾಗ, ಟೀವಿಗೆ ಹೋಗುವ ಅಗಲವಾದ ಸಾಕೆಟ್‌ಗಳು, ಮೂಲೆಯಲ್ಲಿ ಪುಟ್ಟದೊಂದು ಫೋನ್ ಸಾಕೆಟ್. ಅದರಲ್ಲಿ ಚಪ್ಪಟೆ ತಂತಿಯೊಂದು ಇನ್ನೂ ಸಿಕ್ಕಿಕೊಂಡೇ ಇತ್ತು. ಇನ್ನೊಂದು ತುದಿಯಲ್ಲಿ ಬ್ರಿಟಿಷ್ ಗೋಡೆಗೆ ಕೂರುವ, ಪಕ್ಕದಲ್ಲಿ ಕೊಕ್ಕೆಯಿರುವ ಪ್ಲಗ್ಗು. ನಮ್ಮ ಊರಿನ ಯಾವ ಸಾಕೆಟ್‌ಗೂ ಅದು ಹೊಂದುವುದಿಲ್ಲ.

“ಭಾವ, ಟೀವಿ ಪೆಟ್ಟಿಗೆಗೆ ಫೋನ್ ತಂತಿ ಯಾಕೆ?” ಅಂದೆ.

“ಅದನ್ನ ಹಾಕ್ಲೇಬೇಕಿತ್ತು ಮಾರಾಯ. ಒಂದು ವರ್ಷ ತೆಗೀಬಾರದು ಅಂತ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ರು. ಪೆಟ್ಟಿಗೆ ಮಾತ್ರ ಪುಕ್ಕಟೆ” ಅಂದರು.

“ಕಿತ್ತರೆ ಟೀವಿ ನಿಲ್ತಿತ್ತಾ?”

“ಎಲ್ಲಿ ನಿಲ್ತದೆ, ಚೆನ್ನಾಗೇ ಬರ್ತಿತ್ತು.”

ಕಿತ್ತರೂ ಟೀವಿ ನಿಲ್ಲದು, ಆದರೂ ಕೀಳಬಾರದು. ಟೀವಿಯ ತಾಂತ್ರಿಕ ಇತಿಹಾಸವನ್ನು ವರ್ಷಗಳಿಂದ ಹುಡುಕುತ್ತಿರುವ ನನಗೆ ಈ ಒಂದು ಷರತ್ತು ಬಿಡದೆ ಕಾಡಿತು.

ಮೊದಲು ಯಂತ್ರವನ್ನೇ ಕೇಳೋಣವೆಂದು ತಿರುಪು ಬಿಚ್ಚಿದೆ. ಫೋನ್ ಸಾಕೆಟ್‌ನ ಹಿಂದೆ ಬೆರಳ ತುದಿಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಮೋಡೆಮ್ಮಿನ ಚಿಪ್ಪು. ಆ ಕಾಲದ ಬ್ರಿಟಿಷ್ ಡಿಜಿಬಾಕ್ಸ್‌ಗಳಲ್ಲಿದ್ದದ್ದು ಸೆಕೆಂಡಿಗೆ 28.8 ಕಿಲೋಬಿಟ್ ವೇಗದ ಮೋಡೆಮ್. ಚಿತ್ರ ಬರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸುಮಾರು 36,000 ಕಿಲೋಮೀಟರ್ ಮೇಲಿನ ಉಪಗ್ರಹ ಚಿತ್ರವನ್ನು ಕೆಳಗಿಳಿಸುತ್ತದೆ, ಅಷ್ಟೆ. ಮನೆಯ ಪುಟ್ಟ ಡಿಶ್ ವಾಪಸ್ಸು ಏನನ್ನೂ ಹೇಳಲಾರದು. ಮನೆಯಿಂದ ಕಂಪನಿಗೆ ಮಾತು ಹೋಗಬೇಕಾದರೆ ಬೇರೆ ದಾರಿ ಬೇಕು. ಆಗ ಎಲ್ಲರ ಮನೆಯಲ್ಲೂ ಇದ್ದ ದಾರಿ ಫೋನ್ ತಂತಿಯೊಂದೇ.

ಆದರೆ ಮನೆಯ ಪೆಟ್ಟಿಗೆ ಕಂಪನಿಗೆ ಹೇಳುವುದಾದರೂ ಏನನ್ನು? ಇದಕ್ಕೆ ಹಳೆಯ ಉತ್ತರವೊಂದು ಅಮೆರಿಕದಲ್ಲಿ ಸಿಕ್ಕಿತು. ಅಲ್ಲಿನ ಉಪಗ್ರಹ ಟೀವಿ ಕಂಪನಿ ಡೈರೆಕ್‌ಟೀವಿ 1994ರ ಜೂನ್ 17ರಂದು ಮಿಸಿಸಿಪಿಯ ಜ್ಯಾಕ್ಸನ್ ಊರಿನಲ್ಲಿ ಮಾರಾಟ ಶುರುಮಾಡಿದಾಗ 18 ಇಂಚಿನ ಡಿಶ್‌ನ ಜೊತೆ ಬಂದ ಪೆಟ್ಟಿಗೆಯಲ್ಲೇ ಮೋಡೆಮ್ ಇತ್ತು. ರಿಮೋಟಿನ ಗುಂಡಿಯೊತ್ತಿ ಸಿನಿಮಾ ಕೊಂಡರೆ ಪೆಟ್ಟಿಗೆಯೊಳಗಿನ ಕಾರ್ಡು ಅದನ್ನು ಬರೆದಿಟ್ಟುಕೊಂಡು ಆ ಕ್ಷಣದಲ್ಲೇ ಚಿತ್ರ ತೋರಿಸುತ್ತಿತ್ತು. ಆಮೇಲೊಮ್ಮೆ ಪೆಟ್ಟಿಗೆ ತಾನಾಗಿಯೇ ಫೋನ್ ಮಾಡಿ, ಈ ಮನೆಯವರು ಇಂತಿಂಥ ಸಿನಿಮಾ ನೋಡಿದ್ದಾರೆ ಎಂದು ಲೆಕ್ಕ ಒಪ್ಪಿಸುತ್ತಿತ್ತು. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದ ಹಾಗೆಯೇ. ಮೊದಲು ಸಾಮಾನು, ಆಮೇಲೆ ಲೆಕ್ಕ, ಮಿತಿ ಮೀರಿದರೆ ಉದ್ದರಿ ಬಂದ್. ತಂತಿ ಕಿತ್ತರೆ ಲೆಕ್ಕ ಕಂಪನಿಗೆ ತಲುಪುತ್ತಿರಲಿಲ್ಲ.

ಕಾರಣ ಸಿಕ್ಕಿತೆಂದುಕೊಂಡು ಭಾವನಿಗೆ ಫೋನ್ ಮಾಡಿದೆ. “ನಾವು ಒಂದೇ ಒಂದು ಸಿನಿಮಾನೂ ಹಾಗೆ ಕೊಂಡವರಲ್ಲ” ಅಂದುಬಿಟ್ಟರು. ಕೊಳ್ಳದವರಿಗೂ ಷರತ್ತು ಇತ್ತೆಂದಾದರೆ ಕಾರಣ ಬೇರೆಯೇ ಇರಬೇಕು. ಭಾವ ಮೊದಲ ದಿನವೇ ಹೇಳಿದ್ದ ‘ಪುಕ್ಕಟೆ’ ಎಂಬ ಮಾತನ್ನು ನಾನು ಆಗ ಹಿಡಿದುಕೊಳ್ಳಲಿಲ್ಲ. ಪುಕ್ಕಟೆ ಕೊಟ್ಟ ಪೆಟ್ಟಿಗೆಗೂ ಯಾರೋ ದುಡ್ಡು ಕೊಟ್ಟಿರಲೇಬೇಕು.

ಯಾರೆಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಐರೋಪ್ಯ ಸಮುದಾಯದ ಅಧಿಕೃತ ಪತ್ರಿಕೆ, 1999ರ ಡಿಸೆಂಬರ್ 6ರ ಸಂಚಿಕೆ. ಅದರಲ್ಲಿ ಐರೋಪ್ಯ ಆಯೋಗ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೊಟ್ಟ ತೀರ್ಮಾನವೊಂದು ಅಚ್ಚಾಗಿದೆ. ವಿಷಯ ಬ್ರಿಟಿಷ್ ಇಂಟರಾಕ್ಟಿವ್ ಬ್ರಾಡ್‌ಕಾಸ್ಟಿಂಗ್ ಎಂಬ ಜಂಟಿ ಕಂಪನಿ. ಜನರಿಗೆ ಅದು ಗೊತ್ತಿದ್ದದ್ದು ‘ಓಪನ್’ ಎಂಬ ಹೆಸರಿನಲ್ಲಿ. ಸ್ಪರ್ಧಾ ಕಾನೂನಿನ ಒಣ ಭಾಷೆಯ ಕಾಗದ, ಆದರೆ ಪಾಲುದಾರರ ಪಟ್ಟಿ ಓದಿದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಉಪಗ್ರಹ ಟೀವಿಯ ಬಿಸ್ಕೈಬಿ ಶೇಕಡಾ 32.5. ಬ್ರಿಟಿಷ್ ಟೆಲಿಕಾಂ ಅಷ್ಟೇ, 32.5. ಮಿಡ್‌ಲ್ಯಾಂಡ್ ಬ್ಯಾಂಕು, ಅಂದರೆ ಎಚ್‌ಎಸ್‌ಬಿಸಿ ಬಳಗ, 20. ಜಪಾನಿನ ಮತ್ಸುಷಿತಾ 15.

ಉಪಗ್ರಹದವರು, ಫೋನ್ ತಂತಿಯವರು, ಬ್ಯಾಂಕಿನವರು, ಪೆಟ್ಟಿಗೆ ತಯಾರಿಸುವವರು ನಾಲ್ವರೂ ಒಂದೇ ಜಮಖಾನದ ಮೇಲೆ ಕೂತಿದ್ದರು. ಅವರ ಯೋಜನೆಯಲ್ಲಿ ಮುಚ್ಚುಮರೆಯಿರಲಿಲ್ಲ. ಪೆಟ್ಟಿಗೆಯ ಬೆಲೆಯ ದೊಡ್ಡ ಪಾಲನ್ನು ಈ ಜಂಟಿ ಕಂಪನಿ ಭರಿಸುವುದು, ಮನೆಯವರು ಟೀವಿಯ ಮೂಲಕವೇ ಸಾಮಾನು ಕೊಂಡು, ಬ್ಯಾಂಕಿನ ವ್ಯವಹಾರ ಮಾಡಿ, ಮಿಂಚಂಚೆ ಕಳಿಸುವಂತೆ ಮಾಡಿ ಹಾಕಿದ ದುಡ್ಡನ್ನು ವಾಪಸ್ಸು ಪಡೆಯುವುದು. ಆ ವ್ಯವಹಾರವೆಲ್ಲ ಹರಿಯಬೇಕಾದದ್ದು ಫೋನ್ ತಂತಿಯಲ್ಲಿ. ತಂತಿ ಇಲ್ಲದ ಪೆಟ್ಟಿಗೆ ಎಂದರೆ ಅವರಿಗೆ ಬಾಗಿಲು ತೆರೆಯದ ಅಂಗಡಿ.

ಬಿಸ್ಕೈಬಿಯ ‘ಸ್ಕೈ’ ಡಿಜಿಟಲ್ ಸೇವೆ ಶುರುವಾದದ್ದು 1998ರ ಅಕ್ಟೋಬರ್ 1ರಂದು, ಆಗ ಪೆಟ್ಟಿಗೆಗೆ ಸುಮಾರು 200 ಪೌಂಡ್. ಮರು ತಿಂಗಳೇ ಆನ್‌ಡಿಜಿಟಲ್ ಎಂಬ ಎದುರಾಳಿ ಬಂತು. 1999ರ ಮೇ ತಿಂಗಳಲ್ಲಿ ಸ್ಕೈ ಪೆಟ್ಟಿಗೆಯನ್ನೇ ಪುಕ್ಕಟೆ ಕೊಡುವುದಾಗಿ ಸಾರಿತು. ನನಗೆ ಅತಿ ಮುಖ್ಯವೆನಿಸಿದ ಸಂಗತಿ ಇನ್ನೊಂದಿದೆ. ಸಬ್ಸಿಡಿಯ ಪೆಟ್ಟಿಗೆ ಪಡೆಯಲು ಸ್ಕೈಯ ಚಾನೆಲ್‌ಗಳಿಗೆ ಚಂದಾ ಕಟ್ಟುವುದು ಕಡ್ಡಾಯವಿರಲಿಲ್ಲ. 12 ತಿಂಗಳು ಫೋನ್ ತಂತಿ ಜೋಡಿಸಿಡುವುದು ಕಡ್ಡಾಯವಿತ್ತು. ಚಂದಾ ಬಿಟ್ಟರೂ ನಡೆಯುತ್ತದೆ, ತಂತಿ ಬಿಟ್ಟರೆ ನಡೆಯದು ಎಂದಾಗ ಆ ಷರತ್ತಿನ ಒಡೆಯ ಯಾರೆಂದು ಬೇರೆ ಸಾಕ್ಷಿ ಬೇಕಿಲ್ಲ.

ಓಪನ್ ಸೇವೆ 1999ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಜನ ಟೀವಿಯಲ್ಲಿ ಸಾಮಾನು ಕೊಳ್ಳಲು ಮುಗಿಬೀಳಲಿಲ್ಲ. ಉಳಿದವರ ಪಾಲನ್ನು ಬಿಸ್ಕೈಬಿಯೇ ಕೊಂಡುಕೊಂಡಿತು, 2001ರಲ್ಲಿ ಆ ಹೆಸರೇ ಅಳಿಸಿಹೋಯಿತು. ಷರತ್ತೂ ಅದರೊಡನೆ ಹೋಗಬೇಕಿತ್ತಲ್ಲವೇ? ಹೋಗಲಿಲ್ಲ. ಒಂದೇ ಮನೆಯಲ್ಲಿ ಎರಡನೆಯ ಪೆಟ್ಟಿಗೆಗೆ ಕಡಿಮೆ ದರ ಕೊಡುವ ‘ಮಲ್ಟಿರೂಮ್’ ಬಂದಾಗ ಅಲ್ಲಿಯೂ ಅದೇ ಮಾತು: ಎಲ್ಲ ಪೆಟ್ಟಿಗೆಗಳೂ ಒಂದೇ ಫೋನ್ ತಂತಿಗೆ ಜೋಡಿಸಿರಬೇಕು.

ಇದರ ಅರ್ಥ ಬಿಡಿಸಿದ್ದು ಮತ್ತೆ ಅಮೆರಿಕದ ಕಾಗದಗಳು. ಡೈರೆಕ್‌ಟೀವಿಯ ಗ್ರಾಹಕ ಒಪ್ಪಂದದ ಹಲವು ವರ್ಷಗಳ ಆವೃತ್ತಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದೆ. ಹೆಚ್ಚುವರಿ ಪೆಟ್ಟಿಗೆಗೆ ರಿಯಾಯಿತಿ ಬೇಕಿದ್ದರೆ ಎಲ್ಲ ಪೆಟ್ಟಿಗೆಗಳೂ ಗ್ರಾಹಕನ ಮನೆಯಲ್ಲೇ ಇರಬೇಕು, ಒಂದೇ ಸ್ಥಿರ ದೂರವಾಣಿ ತಂತಿಗೆ ಸದಾ ಜೋಡಿಸಿರಬೇಕು. ಜೋಡಿಸಿಲ್ಲವೆಂದು ಕಂಡರೆ ವಿಚಾರಿಸುತ್ತೇವೆ. ಪೆಟ್ಟಿಗೆ ಬೇರೆಡೆ ಇದೆಯೆಂದು ತಿಳಿದರೆ ಸಂಪರ್ಕ ಕಡಿಯಬಹುದು, ಇಲ್ಲವೇ ಪೂರ್ತಿ ದರ ವಸೂಲು ಮಾಡಬಹುದು. ಇಲ್ಲಿ ‘ಸ್ಥಿರ’ ಎಂಬ ಒಂದು ಪದ ಎಲ್ಲವನ್ನೂ ಹೇಳಿತು. ಮೊಬೈಲು ಮನುಷ್ಯನ ಜೇಬಿನಲ್ಲಿ ಊರೂರು ಸುತ್ತುತ್ತದೆ. ಗೋಡೆಯ ತಂತಿ ಮನೆ ಬಿಟ್ಟು ಕದಲದು. ಅಣ್ಣನ ಖಾತೆಯಲ್ಲಿ ಎರಡು ಪೆಟ್ಟಿಗೆ ತೆಗೆದುಕೊಂಡು ಒಂದನ್ನು ಪಕ್ಕದ ಬೀದಿಯ ತಮ್ಮನ ಮನೆಯಲ್ಲಿಟ್ಟರೆ, ಅದು ಕರೆ ಮಾಡಿದ ನಂಬರೇ ಗುಟ್ಟು ಬಿಟ್ಟುಕೊಡುತ್ತದೆ. ನಮ್ಮಲ್ಲಿ ರೇಷನ್ ಕಾರ್ಡಿಗೆ ವಿಳಾಸದ ಪುರಾವೆ ಕೇಳಿದ ಹಾಗೆ, ಅಲ್ಲಿ ಟೀವಿಗೆ ಫೋನ್ ತಂತಿಯೇ ವಿಳಾಸದ ಪುರಾವೆಯಾಗಿತ್ತು.

ಪ್ರತಿಸ್ಪರ್ಧಿ ಡಿಶ್ ನೆಟ್‌ವರ್ಕ್ ಇದನ್ನು ಬೆಲೆಪಟ್ಟಿಯಲ್ಲೇ ಬರೆಯಿತು. ಎರಡು ಟೀವಿಗೆ ಚಿತ್ರ ಕೊಡುವ ಪೆಟ್ಟಿಗೆಗೆ ತಿಂಗಳಿಗೆ 5 ಡಾಲರ್ ಹೆಚ್ಚುವರಿ, ಪೆಟ್ಟಿಗೆ ಫೋನ್ ತಂತಿಗೆ ಸದಾ ಜೋಡಿಸಿದ್ದರೆ ಆ 5 ಡಾಲರ್ ಮಾಫಿ. ವರ್ಷಕ್ಕೆ 60 ಡಾಲರ್. ಕಂಪನಿಯ ಕಾಳಜಿ ನನಗೆ ಅರ್ಥವಾಗುತ್ತದೆ. ಎರಡು ಮನೆಯವರು ಒಂದು ಚಂದಾದಲ್ಲಿ ನೋಡಿದರೆ ನಷ್ಟ ನಿಜ. ಆದರೆ ಮನೆಯಲ್ಲಿ ಲ್ಯಾಂಡ್‌ಲೈನೇ ಇಲ್ಲದ ಪ್ರಾಮಾಣಿಕ ಗ್ರಾಹಕನೂ ಆ ದುಡ್ಡು ತೆರಬೇಕಾಯಿತು, ಮತ್ತು ಅಂಥವರ ಸಂಖ್ಯೆ ಏರುತ್ತಲೇ ಹೋಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಆರೋಗ್ಯ ಸಮೀಕ್ಷೆಯಲ್ಲಿ ಫೋನಿನ ಲೆಕ್ಕವೂ ಇರುತ್ತದೆ. ಅದರ ಪ್ರಕಾರ 2016ರ ಎರಡನೆಯ ಅರ್ಧದ ಹೊತ್ತಿಗೆ ಶೇಕಡಾ 50.8 ಮನೆಗಳಲ್ಲಿ ಮೊಬೈಲ್ ಮಾತ್ರ ಇತ್ತು, ಲ್ಯಾಂಡ್‌ಲೈನ್ ಇರಲಿಲ್ಲ. ಇಂಟರ್ನೆಟ್ ಫೋನಿಗೆ ಬದಲಾದವರದ್ದು ಇನ್ನೊಂದು ಪಾಡು. ಮಾತಿಗೆಂದು ಹಿಂಡಿ ಕುಗ್ಗಿಸಿದ ದನಿಯಲ್ಲಿ ಮೋಡೆಮ್ಮಿನ ಸಂಕೇತ ಹಾಳಾಗಿ ಪೆಟ್ಟಿಗೆಯ ಕರೆ ಹೋಗದೆ ಉಳಿಯುತ್ತಿತ್ತು. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಆ ಕೆಲಸ ನಿಧಾನವಾಗಿ ಇಂಟರ್ನೆಟ್ಟಿಗೆ ಹೋಯಿತು.

ನಮ್ಮಲ್ಲಿ ಈ ತಂತಿ ಬರಲೇ ಇಲ್ಲ. ಭಾರತ ಡಿಟಿಎಚ್‌ಗೆ ಮಾರ್ಗಸೂಚಿ ಹೊರಡಿಸಿದ್ದು 2001ರಲ್ಲಿ, ಡಿಶ್ ಟೀವಿ ಬಂದದ್ದು 2003ರಲ್ಲಿ, ಟಾಟಾ ಸ್ಕೈ 2006ರ ಆಗಸ್ಟ್‌ನಲ್ಲಿ. ಟಾಟಾ ಸ್ಕೈ ಕಾರ್ಡಿನ ತಂತ್ರಜ್ಞಾನ ಎನ್‌ಡಿಎಸ್ ಕಂಪನಿಯದಾಗಿತ್ತು. ಬ್ರಿಟನ್ನಿನ ಸ್ಕೈ ಪೆಟ್ಟಿಗೆಗಳಿಗೆ ಕಾರ್ಡು ಕೊಟ್ಟವರೂ ಅವರೇ, ಬೆಂಗಳೂರಿನಲ್ಲಿ ಅವರ ದೊಡ್ಡ ಎಂಜಿನಿಯರಿಂಗ್ ಕಚೇರಿಯಿತ್ತು. ಒಂದೇ ಮನೆತನದ ತಂತ್ರಜ್ಞಾನ, ಆದರೆ ಇಲ್ಲಿ ಷರತ್ತು ಬೇರೆ. 2004ರಲ್ಲೇ ಇಲ್ಲಿ ಮೊಬೈಲ್ ಸಂಪರ್ಕಗಳ ಸಂಖ್ಯೆ ಲ್ಯಾಂಡ್‌ಲೈನನ್ನು ದಾಟಿತ್ತು. ಸಿನಿಮಾ ಬೇಕಾದರೆ ಜನ ಎಸ್ಸೆಮ್ಮೆಸ್ ಕಳಿಸಿದರು, ಪೆಟ್ಟಿಗೆಗೆ ಆಜ್ಞೆ ಆಕಾಶದಿಂದಲೇ ಇಳಿಯಿತು. ತಂತಿಯ ಷರತ್ತಿಲ್ಲದೆಯೂ ಕೋಟ್ಯಂತರ ಮನೆಗಳಲ್ಲಿ ವ್ಯಾಪಾರ ನಡೆಯಿತು.

ಹಾಗಾಗಿ ನನ್ನ ತೀರ್ಮಾನ ಇದು. ಫೋನ್ ತಂತಿ ಮೊದಲು ಉದ್ದರಿಯ ಲೆಕ್ಕಕ್ಕೆ, ಬ್ರಿಟನ್ನಿನಲ್ಲಿ ಸಬ್ಸಿಡಿಯ ವಸೂಲಿಗೆ, ಕೊನೆಗೆ ವಿಳಾಸದ ಕಾವಲಿಗೆ ದುಡಿಯಿತು. ಮೂರೂ ವ್ಯಾಪಾರದ ಕಾರಣಗಳು. ಅವನ್ನು ಗ್ರಾಹಕನಿಗೆ ಬಾಯಿಬಿಟ್ಟು ಹೇಳಬೇಕಿತ್ತು.

ಒಂದು ಕೊರತೆ ಉಳಿದಿದೆ. ಪೆಟ್ಟಿಗೆಯನ್ನು ಕಾಪಾಡಿದ ಭಾವ ಸಹಿ ಹಾಕಿದ ಕಾಗದವನ್ನು ಉಳಿಸಿಕೊಂಡಿಲ್ಲ. 1998 ಮತ್ತು 2001ರ ನಡುವೆ ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಇದ್ದ ಕನ್ನಡಿಗರ ಮನೆಗಳಲ್ಲಿ ಇಂಥ ಒಪ್ಪಂದದ ಪ್ರತಿ, ಅಳವಡಿಸಿದವನು ಕೊಟ್ಟ ಚೀಟಿ, ಹಳೆಯ ಬಿಲ್ಲು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಸಣ್ಣ ಅಕ್ಷರದ ಆ ಪುಟವೇ ನನಗೆ ಇನ್ನೂ ಬೇಕಾಗಿರುವುದು.