ಮೊದಲ ಆದೇಶ ಯಾರದು?

ಸ್ವಿಚ್ ಒತ್ತಿದ ಕ್ಷಣದಲ್ಲಿ ಪ್ರೊಸೆಸರ್‌ಗೆ ಏನೂ ಗೊತ್ತಿರುವುದಿಲ್ಲ. ರ‍್ಯಾಮ್ ತುಂಬ ಅರ್ಥವಿಲ್ಲದ ಅಂಕಿಗಳು. ಡಿಸ್ಕ್ ಇದೆಯೋ ಇಲ್ಲವೋ ಅದಕ್ಕೆ ತಿಳಿಯದು. ರೀಸೆಟ್ ಮುಗಿದೊಡನೆ, ಚಿಪ್ ರೂಪಿಸಿದವರು ಗೊತ್ತುಮಾಡಿಟ್ಟ ವಿಳಾಸದಿಂದ ಮೊದಲ ಆದೇಶವನ್ನು ಓದುತ್ತದೆ, ಅಷ್ಟೆ. ಆ ವಿಳಾಸದಲ್ಲಿ ಏನನ್ನು ಇಡಬೇಕೆಂಬ ಚಿಂತೆಯೇ ಬೂಟ್ ಫರ್ಮ್‌ವೇರನ್ನು ಬೆಳೆಸಿತು.

ಮೊದಮೊದಲ ಪಿಡಿಪಿ-11 ಯಂತ್ರಗಳಲ್ಲಿ ಆ ಕೆಲಸವನ್ನು ಮನುಷ್ಯನ ಬೆರಳೇ ಮಾಡುತ್ತಿತ್ತು. ಮುಂಭಾಗದ ಸ್ವಿಚ್‌ಗಳನ್ನು ಮೇಲೆ ಕೆಳಗೆ ಮಾಡಿ ಕೆಲವೇ ಆದೇಶಗಳನ್ನು ತುಂಬಬೇಕಿತ್ತು. 1977ರ ವ್ಯಾಕ್ಸ್-11/780 ಯಂತ್ರವನ್ನು ಎಬ್ಬಿಸಲು ಅದರೊಳಗೇ ಎಲ್‌ಎಸ್‌ಐ-11 ಎಂಬ ಪುಟ್ಟ ಕಂಪ್ಯೂಟರ್ ಇತ್ತು. 1978ರ ಇಂಟೆಲ್ 8086 ಒಂದು ಎಂಬಿ ವಿಳಾಸಗಳ ಕೊನೆಯ 16 ಬೈಟ್‌ಗಳಲ್ಲಿ ಶುರುವಾಗುತ್ತದೆ. ಅಲ್ಲಿ ಬೇರೆಡೆಗೆ ಜಿಗಿಯುವ ಆದೇಶಕ್ಕಷ್ಟೇ ಜಾಗ. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ 1986ರಲ್ಲಿ ಕಟ್ಟಿದ ಫ್ಲೋಸಾಲ್ವರ್ ಸಮಾಂತರ ಕಂಪ್ಯೂಟರಿನಲ್ಲಿದ್ದುದೂ ಇದೇ 8086.

ನಿಜವಾದ ಇಕ್ಕಟ್ಟು ಬಂದದ್ದು ಮೊಟೊರೊಲಾ 68000 ಜತೆ. ಅದು ಸ್ಟ್ಯಾಕ್ ವಿಳಾಸವನ್ನು ಸೊನ್ನೆಯಿಂದಲೂ ಮೊದಲ ಆದೇಶದ ವಿಳಾಸವನ್ನು ನಾಲ್ಕರಿಂದಲೂ ಓದುತ್ತದೆ. ಹಾಗಾಗಿ ಅಲ್ಲಿ ರ‍್ಯಾಮ್ ಅಲ್ಲ, ಅಳಿಯದ ಪ್ರೋಮ್ ಇರಬೇಕು. ಆದರೆ ಆಪರೇಟಿಂಗ್ ಸಿಸ್ಟಮ್‌ಗೆ ಅದೇ ಜಾಗದಲ್ಲಿ ಬರೆಯಬಲ್ಲ ಮೆಮೊರಿ ಬೇಕು. 1982ರಲ್ಲಿ ಹುಟ್ಟಿದ ಸನ್ ಕಂಪನಿ ಇದಕ್ಕೆ ಕಂಡುಕೊಂಡ ದಾರಿ ನನಗೆ ಈಗಲೂ ಬಲು ಇಷ್ಟ. ಸನ್-3ರಲ್ಲಿ ರೀಸೆಟ್ ಆದೊಡನೆ ಯಂತ್ರ 'ಬೂಟ್ ಸ್ಥಿತಿ'ಯಲ್ಲಿರುತ್ತದೆ. ಆಗ ಪ್ರೊಸೆಸರ್ ಯಾವ ವಿಳಾಸದಿಂದ ಆದೇಶ ಕೇಳಿದರೂ ಉತ್ತರ ಕೊಡುವುದು ಪ್ರೋಮ್. ದತ್ತಾಂಶದ ಓದು ಬರಹ ಮಾತ್ರ ಮಾಮೂಲಿನಂತೆ. ಫರ್ಮ್‌ವೇರ್ ಮೆಮೊರಿ ನಕ್ಷೆಯನ್ನು ಸಜ್ಜುಗೊಳಿಸಿ ಒಂದು ಬಿಟ್ ಬದಲಿಸಿದರೆ ಆ ಸ್ಥಿತಿ ಮುಗಿಯುತ್ತದೆ. ಒಂದೇ ಬಿಟ್!

ಮಿಪ್ಸ್ ಪ್ರೊಸೆಸರಿನ ವಿನ್ಯಾಸಕರು ಕ್ಯಾಶ್ ಮುಟ್ಟದ ವಿಳಾಸವಲಯದಲ್ಲೇ ಆರಂಭವನ್ನಿಟ್ಟರು, ಏಕೆಂದರೆ ಆ ಹೊತ್ತಿಗೆ ಕ್ಯಾಶ್‌ನಲ್ಲೂ ಕಸವೇ. ಡಿಇಸಿ ಕಂಪನಿಯ ಆಲ್ಫಾ 21064 ತದ್ವಿರುದ್ಧ: ಚಿಕ್ಕದೊಂದು ಸೀರಿಯಲ್ ರೋಮ್‌ನಿಂದ ಆದೇಶಗಳನ್ನು ನೇರ ಕ್ಯಾಶ್‌ಗೇ ತುಂಬಿಕೊಂಡು ಹೊರಡುತ್ತದೆ.

ಸನ್ ಕಂಪನಿಯದೇ ಆದ 1989ರ ಸ್ಪಾರ್ಕ್‌ಸ್ಟೇಷನ್ 1ರಲ್ಲಿ ಫರ್ಮ್‌ವೇರ್ ಮಾತಾಡಲು ಕಲಿತಿತು. ಮಿಚ್ ಬ್ರಾಡ್ಲಿ ರೂಪಿಸಿದ ಓಪನ್‌ಬೂಟ್, ಫೋರ್ತ್ ಭಾಷೆಯ ಪೂರ್ಣ ಪರಿಸರವನ್ನೇ ಪ್ರೋಮ್‌ನಲ್ಲಿ ಇಟ್ಟಿತು. ವಿಸ್ತರಣಾ ಕಾರ್ಡ್‌ಗಳೂ ತಮ್ಮ ಪರಿಚಯವನ್ನು ಎಫ್‌ಕೋಡ್ ರೂಪದಲ್ಲಿ ತಾವೇ ಹೊತ್ತು ತಂದವು. 1994ರಲ್ಲಿ ಅದು ಐಇಇಇ 1275 ಮಾನದಂಡವಾಯಿತು. ಪವರ್‌ಪಿಸಿ ಮ್ಯಾಕ್‌ಗಳಿಗೂ ಬಂತು.

ಇಂದು ಈ ಯಂತ್ರಗಳು ಕೈಕೊಡುವುದು ಹೆಚ್ಚಾಗಿ ಪ್ರೊಸೆಸರ್‌ನಿಂದಲ್ಲ. ಹಳೆಯ ಸ್ಪಾರ್ಕ್‌ಸ್ಟೇಷನ್‌ನ ಈಥರ್ನೆಟ್ ವಿಳಾಸ ಮತ್ತು ಹೋಸ್ಟ್ ಐಡಿ ಒಂದು ಎನ್‌ವಿರ‍್ಯಾಮ್ ಚಿಪ್‌ನಲ್ಲಿರುತ್ತವೆ. ಲಿಥಿಯಂ ಬ್ಯಾಟರಿಯೂ ಆ ಚಿಪ್‌ನ ಮೈಯೊಳಗೇ ಸೇರಿದೆ. ಬ್ಯಾಟರಿ ಸತ್ತರೆ ಯಂತ್ರ ತನ್ನ ಗುರುತನ್ನೇ ಮರೆಯುತ್ತದೆ. ಆಸಕ್ತರು ಚಿಪ್‌ನ ಮೇಲ್ಭಾಗ ಕೆತ್ತಿ ತಂತಿ ಬೆಸೆದು ಹೊಸ ಸೆಲ್ ಕೂರಿಸುತ್ತಾರೆ. ಆಮೇಲೆ 'ಓಕೆ' ಎಂದು ಕಾಯುವ ಫರ್ಮ್‌ವೇರ್‌ಗೆ ಒಂದೊಂದೇ ಬೈಟ್ ತುಂಬಿಸುತ್ತಾರೆ. ಫರ್ಮ್‌ವೇರ್ ಹೊತ್ತ ಇಪ್ರೋಮ್‌ಗಳಲ್ಲಿನ ವಿದ್ಯುದಾವೇಶವೂ ವರ್ಷಗಳು ಉರುಳಿದಂತೆ ಸೋರುತ್ತದೆ. ಅಂಥ ಚಿಪ್ ಯಾರ ಬಳಿಯಾದರೂ ಇದ್ದರೆ, ಯಂತ್ರ ಇನ್ನೂ ಏಳುತ್ತಿರುವಾಗಲೇ ಅದರ ಪ್ರತಿ ಓದಿಟ್ಟುಕೊಳ್ಳಬೇಕು.