ವಾಲ್ಟರ್ ಲೈಸ್ಟಿಕೊ

ವಾಲ್ಟರ್ ಲೈಸ್ಟಿಕೊ (1865–1908) ಜರ್ಮನಿಯ ಭೂದೃಶ್ಯ ಚಿತ್ರಕಾರ. ಬರ್ಲಿನ್ ಸೆಸೆಷನ್ ಎಂಬ ಕಲಾವಿದರ ಒಕ್ಕೂಟವನ್ನು ಕಟ್ಟಿದವರಲ್ಲಿ ಪ್ರಮುಖ. ಬರ್ಲಿನ್ನಿನ ಪಶ್ಚಿಮದಂಚಿನ ಗ್ರುನೆವಾಲ್ಡ್ ಕಾಡು, ಅಲ್ಲಿನ ಪೈನ್ ಮರಗಳು ಮತ್ತು ಸರೋವರಗಳು ಈತನ ಮುಖ್ಯ ವಸ್ತು. ನಗರದಿಂದ ಕೂಗಳತೆಯಲ್ಲಿದ್ದ ಆ ಮರಳು ನೆಲಕ್ಕೆ ದೊಡ್ಡ ಚಿತ್ರದ ಗೌರವ ತಂದುಕೊಟ್ಟದ್ದು ಲೈಸ್ಟಿಕೊನ ನಿಜವಾದ ಸಾಧನೆ.

ಹುಟ್ಟಿದ್ದು 1865ರ ಅಕ್ಟೋಬರ್ 25ರಂದು, ಆಗ ಪ್ರಷ್ಯಕ್ಕೆ ಸೇರಿದ್ದ ಬ್ರೊಂಬೆರ್ಗ್‌ನಲ್ಲಿ. ಈ ಊರು ಈಗ ಪೋಲೆಂಡಿನಲ್ಲಿದೆ. ಇಂದಿನ ಹೆಸರು ಬಿಡ್ಗೊಷ್ಚ್. 1883ರಲ್ಲಿ ಬರ್ಲಿನ್ನಿನ ಕಲಾ ಅಕಾಡೆಮಿಗೆ ಸೇರಿದ ಹುಡುಗನನ್ನು ಪ್ರತಿಭೆ ಸಾಲದೆಂದು ಆರೇ ತಿಂಗಳಲ್ಲಿ ಹೊರಗೆ ಕಳಿಸಿದರು. ಮುಂದೆ ಹೆರ್ಮನ್ ಎಷ್ಕೆ, ಆಮೇಲೆ ನಾರ್ವೆಯ ಹಾನ್ಸ್ ಗುಡೆ ಇವರ ಬಳಿ ಕಲಿತ. ಇಬ್ಬರೂ ಭೂದೃಶ್ಯದಲ್ಲಿ ಪಳಗಿದ ಕೈಗಳು.

1892ರಲ್ಲಿ ಎಡ್ವರ್ಡ್ ಮುಂಕ್‌ನ ಚಿತ್ರಪ್ರದರ್ಶನವನ್ನು ಬರ್ಲಿನ್ ಕಲಾವಿದರ ಸಂಘ ಒಂದೇ ವಾರದಲ್ಲಿ ಮುಚ್ಚಿಸಿತು. ಲೈಸ್ಟಿಕೊ ಸುಮ್ಮನಿರಲಿಲ್ಲ, ಗುಪ್ತನಾಮದಲ್ಲಿ ಪತ್ರಿಕೆಗೆ ಬರೆದು ಮುಂಕ್‌ನ ಪರ ನಿಂತ. ಅದೇ ವರ್ಷ 'ಹನ್ನೊಂದು ಜನರ ಗುಂಪು' ಎಂದು ಹೆಸರಾದ ಕಲಾವಿದರ ಕೂಟದಲ್ಲಿ ಈತನೂ ಒಬ್ಬನಾದ.

ಈತನ ಅತಿ ಪ್ರಸಿದ್ಧ ಕೃತಿ 'ಗ್ರುನೆವಾಲ್ಡ್ ಸರೋವರ' (1895). ಸುಮಾರು ಎರಡೂವರೆ ಮೀಟರ್ ಅಗಲದ ಈ ತೈಲಚಿತ್ರದಲ್ಲಿ ಕಥೆಯಿಲ್ಲ, ಪೌರಾಣಿಕ ಪಾತ್ರವಿಲ್ಲ. ದಡದುದ್ದಕ್ಕೂ ಪೈನ್ ಮರಗಳ ಕಪ್ಪು ಸಾಲು. ಮೇಲೆ ಸಂಜೆಯ ಬಾನಿನ ಬೆಳಕು, ಕೆಳಗೆ ನೀರಿನಲ್ಲಿ ಅದರದೇ ಪ್ರತಿಬಿಂಬ. ಎಲೆಗಳನ್ನು ಒಂದೊಂದಾಗಿ ಬಿಡಿಸಲು ಹೋಗದೆ ಇಡೀ ಕಾಡನ್ನು ಒಂದೇ ಗಾಢವಾದ ಆಕಾರವಾಗಿ ಹಿಡಿದದ್ದರಲ್ಲಿ ಈ ಚಿತ್ರದ ಬಲವಿದೆ. ಗಳಿಗೆಗಳಿಗೆಗೂ ಬದಲಾಗುವ ಬೆಳಕಿನ ಬೆನ್ನುಹತ್ತಿದ ಇಂಪ್ರೆಷನಿಸ್ಟರಿಂದ ಲೈಸ್ಟಿಕೊ ದೂರ ಸರಿಯುವುದು ಇಲ್ಲಿಯೇ. ಕ್ಷಣದ ಹೊಳಪಿಗಿಂತ ದೃಶ್ಯದ ಕಟ್ಟಡ ಮತ್ತು ಅದರ ಭಾವ ಈತನಿಗೆ ಮುಖ್ಯವಾದವು. ಜಪಾನಿನ ಮರದಚ್ಚಿನ ಚಿತ್ರಗಳಿಂದ ಕಲಿತ ಸಮತಟ್ಟು ಬಣ್ಣ, ಸ್ಪಷ್ಟ ಬಾಹ್ಯರೇಖೆ ಮತ್ತು ಲಯ ಮುಂದಿನ ಕೃತಿಗಳಲ್ಲಿ ಇನ್ನಷ್ಟು ಎದ್ದು ಕಾಣುತ್ತವೆ. ಅಲಂಕಾರದತ್ತ ತೀರಾ ವಾಲಿದ ಕೆಲವು ಚಿತ್ರಗಳಲ್ಲಿ ಕಾಡಿನ ತೇವವೂ ಮೌನವೂ ತೆಳುವಾಗುತ್ತವೆ ಎಂಬುದನ್ನೂ ಹೇಳಬೇಕು. ಆದರೆ ನೇಯ್ಗೆಯ ಭಿತ್ತಿಚಿತ್ರಗಳಿಗೆ ಈತ ಮಾಡಿಕೊಟ್ಟ ವಿನ್ಯಾಸಗಳಲ್ಲಿ ಇದೇ ಶೈಲಿ ಚೆನ್ನಾಗಿ ಒಗ್ಗಿದೆ.

ಈ 'ಗ್ರುನೆವಾಲ್ಡ್ ಸರೋವರ'ವನ್ನು 1898ರ ಬೃಹತ್ ಬರ್ಲಿನ್ ಕಲಾಪ್ರದರ್ಶನದ ತೀರ್ಪುಗಾರರು ತಿರಸ್ಕರಿಸಿದರು. ಬ್ಯಾಂಕರ್ ರಿಚರ್ಡ್ ಇಸ್ರೇಲ್ ಚಿತ್ರವನ್ನು ಕೊಂಡು ನ್ಯಾಷನಲ್ ಗ್ಯಾಲರಿಗೆ ಕೊಡುಗೆಯಾಗಿ ಕೊಟ್ಟ. ಹೀಗೆ, ಪ್ರದರ್ಶನದ ಬಾಗಿಲಲ್ಲೇ ತಡೆದ ಚಿತ್ರ ರಾಜಧಾನಿಯ ಮುಖ್ಯ ಸಂಗ್ರಹಾಲಯವನ್ನೇ ಸೇರಿತು. ಹೊಸ ಕಲೆಯನ್ನು ಕಂಡರಾಗದ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್‌ಗೆ ಇದು ಹಿಡಿಸಲಿಲ್ಲ. ಬೇಟೆಗಾರನಾದ ತನಗೆ ಗ್ರುನೆವಾಲ್ಡ್ ಗೊತ್ತು, ಅದು ಹೀಗಿಲ್ಲ ಎಂದು ಆತ ಅಂದನೆಂಬ ಮಾತು ಪ್ರಚಾರದಲ್ಲಿದೆ. ಅದೇ ವರ್ಷದ ಮೇ ತಿಂಗಳಲ್ಲಿ ಬರ್ಲಿನ್ ಸೆಸೆಷನ್ ಹುಟ್ಟಿತು. ಮಾಕ್ಸ್ ಲೀಬರ್ಮನ್ ಅಧ್ಯಕ್ಷನಾದ; ಜನರನ್ನು ಕೂಡಿಸಿ ಒಕ್ಕೂಟಕ್ಕೆ ರೂಪ ಕೊಡುವ ಓಡಾಟದ ಹೊರೆಯಲ್ಲಿ ಬಹುಪಾಲು ಲೈಸ್ಟಿಕೊನ ಹೆಗಲಿಗೆ ಬಿತ್ತು. ಮೊದಲ ಪ್ರದರ್ಶನ 1899ರಲ್ಲಿ ಕಾಂಟ್ ಬೀದಿಯ ಹೊಸ ಕಟ್ಟಡದಲ್ಲಿ ನಡೆಯಿತು. ಮುಂಕ್‌ನಂಥವರಿಗೆ ಬರ್ಲಿನ್ನಿನಲ್ಲಿ ಮತ್ತೆ ವೇದಿಕೆ ಸಿಕ್ಕಿದ್ದು ಈ ಸಂಸ್ಥೆಯಿಂದಲೇ.

ನಾಟಕಕಾರ ಗೆರ್ಹಾರ್ಟ್ ಹೌಪ್ಟ್‌ಮನ್ ಈತನ ಆಪ್ತ. ಲೈಸ್ಟಿಕೊ ಒಂದು ಕಾದಂಬರಿಯನ್ನೂ (1896) ಬರೆದಿದ್ದಾನೆ. ಪತ್ನಿ ಅನ್ನಾ ಡೆನ್ಮಾರ್ಕಿನವಳು. ದಂಪತಿಯನ್ನು ಮುಂಕ್ 1902ರ ಒಂದು ಶಿಲಾಮುದ್ರಣ ಚಿತ್ರದಲ್ಲಿ ಚಿತ್ರಿಸಿದ್ದಾನೆ.

ಕೊನೆಯ ವರ್ಷಗಳು ಕಾಯಿಲೆಯಲ್ಲಿ ಕಳೆದವು. ವಾಸಿಯಾಗದ ರೋಗದಿಂದ ಬಳಲಿದ್ದ ಲೈಸ್ಟಿಕೊ 1908ರ ಜುಲೈ 24ರಂದು, ತಾನು ಮತ್ತೆಮತ್ತೆ ಚಿತ್ರಿಸಿದ್ದ ಷ್ಲಾಖ್ಟೆನ್ ಸರೋವರದ ಬಳಿಯ ಆರೋಗ್ಯಧಾಮದಲ್ಲಿ ಜೀವ ಕಳೆದುಕೊಂಡ. ಆಗ ವಯಸ್ಸು 42. ಬರ್ಲಿನ್ ಪರಿಸರದ ಚೆಲುವನ್ನು ಕಂಡು ತೋರಿಸಿದವನೆಂದು ಲೀಬರ್ಮನ್ ಈತನನ್ನು ಸ್ಮರಿಸಿದ. ಈತನ ಒತ್ತಾಯದ ಮೇರೆಗೆ ಬರ್ಲಿನ್ನಿಗೆ ಬಂದು ನೆಲೆಸಿದ್ದ ಚಿತ್ರಕಾರ ಲೋವಿಸ್ ಕೊರಿಂಟ್ 1910ರಲ್ಲಿ ಗೆಳೆಯನ ಜೀವನಚರಿತ್ರೆಯನ್ನು ಪ್ರಕಟಿಸಿದ.